ಎರಡು ಟನ್ ಬಾಳೆಗೆ ಎಷ್ಟು ಟನ್ ಮಷೀನ್?

ನಮ್ಮ ಮಾಮಾ ಕಮಲಾಪುರದ ಕೆಂಪು ಬಾಳೆಯ ವ್ಯಾಪಾರ ಮಾಡುತ್ತಾರೆ. ಹೋದ ವರ್ಷ ಕಲಬುರಗಿಯಲ್ಲಿ ತಮ್ಮ ಪತ್ರಾಸ್ (ತಗಡಿನ) ಶೆಡ್ಡಿನೊಳಗೆ ಒಂದು ಕೋಲ್ಡ್ ರೂಮ್ ಹಾಕಿಸಿದರು. ಐದು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರ. ಮಷೀನ್ ಕೂರಿಸಿದವನು ಟೇಪ್ ಹಿಡಿದು ರೂಮ್ ಅಳೆದ, "ಇಷ್ಟಕ್ಕೆ ಒಂದು ಟನ್ ಮಷೀನ್ ಸಾಕು" ಅಂದ, ಮುಗೀತು. ದಿನಕ್ಕೆ ಎಷ್ಟು ಮಾಲು ಬರುತ್ತೆ, ಬರುವಾಗ ಎಷ್ಟು ಬಿಸಿ ಇರುತ್ತೆ ಅಂತ ಒಂದು ಮಾತೂ ಕೇಳಲಿಲ್ಲ.

ಮೇ ತಿಂಗಳು ಬಂತು. ಮಷೀನ್ ಹಗಲೂ ರಾತ್ರಿ ಓಡಿದರೂ ರೂಮ್ 19ರಿಂದ ಕೆಳಗೆ ಇಳಿಯಲೇ ಇಲ್ಲ, ಬಾಳೆಗೆ ಬೇಕಾಗಿದ್ದು 13-14 ಡಿಗ್ರಿ, ಕಾಯಿ ಒಳಗೇ ಹಣ್ಣಾಗತೊಡಗಿದವು. ಸಿಟ್ಟಿಗೆದ್ದ ಮಾಮಾ ಥರ್ಮೋಸ್ಟಾಟ್ 8ಕ್ಕೆ ತಿರುಗಿಸಿಟ್ಟರು. ಆಮೇಲೆ ಎರಡು ದಿನ ಹೊಸ ಮಾಲು ಬರಲಿಲ್ಲ. ಆ ಎರಡೇ ದಿನದಲ್ಲಿ ಅದೇ ಮಷೀನ್, ಅದೇ ಬಿಸಿಲಲ್ಲಿ, ರೂಮನ್ನು 9ಕ್ಕೆ ಇಳಿಸಿಬಿಟ್ಟಿತು! ಬಾಳೆಗೆ ಅಷ್ಟು ಚಳಿ ಆಗಿಬರಲ್ಲ. ಸಿಪ್ಪೆ ಕಪ್ಪಾಯಿತು.

ಎಲ್ಲರೂ ಬಿಸಿಲನ್ನೇ ಬೈದರು. ನನಗೆ ತಲೆಯಲ್ಲಿ ಕೊರೆದದ್ದು ಆ ಎರಡು ದಿನ. ಬಿಸಿಲು ಕಡಿಮೆಯಾಗಿರಲಿಲ್ಲ, ಕಡಿಮೆಯಾಗಿದ್ದು ಮಾಲು ಮಾತ್ರ, ಅಲ್ವಾ? ಒಂದು ಹಳೇ ನೋಟ್‌ಬುಕ್ ತಗೊಂಡು ಕೂತೆ.

ಶಾಖವನ್ನೂ ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲೇ ಎಣಿಸೋಣ, ಒಂದು ಯೂನಿಟ್ ಅಂದರೆ 3,600 ಕಿಲೊಜೂಲ್. (ಇದು ಮಷೀನ್ ಹೊರಗೆ ಹಾಕಬೇಕಾದ ಶಾಖ. ಮೀಟರ್ ಓಡೋದು ಇದಕ್ಕಿಂತ ಕಡಿಮೆ, ಹೆದರಬೇಡಿ.) ಮೊದಲು ಗೋಡೆ. ಎರಡು ತಗಡಿನ ನಡುವೆ ಫೋಮ್ ತುಂಬಿದ 100 ಮಿಲಿಮೀಟರ್ ದಪ್ಪದ ಪಫ್ ಪ್ಯಾನೆಲ್‌ನಲ್ಲಿ, ಒಂದು ಚದರ ಮೀಟರಿಗೆ, ಒಳಗೆ ಹೊರಗೆ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಸುಮಾರು 0.23 ವ್ಯಾಟ್ ಶಾಖ ನುಸುಳುತ್ತದೆ. ಗೋಡೆ, ಸೂರು, ನೆಲ ಸೇರಿ 94 ಚದರ ಮೀಟರ್. ಹೊರಗೆ 43, ಒಳಗೆ 14, ವ್ಯತ್ಯಾಸ 29. ಮೂರನ್ನೂ ಗುಣಿಸಿದರೆ 627 ವ್ಯಾಟ್. ದಿನಕ್ಕೆ 15 ಯೂನಿಟ್.

ಈಗ ಮಾಲು. ದಿನಕ್ಕೆ 2,000 ಕಿಲೋ ಬಾಳೆ ಮಧ್ಯಾಹ್ನದ ಟಂಟಂನಲ್ಲಿ 38 ಡಿಗ್ರಿಗೆ ಕಾದು ಬರುತ್ತದೆ. ಒಂದು ಕಿಲೋ ಬಾಳೆಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 3.5 ಕಿಲೊಜೂಲ್ ತೆಗೆಯಬೇಕು. 24 ಡಿಗ್ರಿ ಇಳಿಸಲು 1,68,000 ಕಿಲೊಜೂಲ್, ಅಂದರೆ 47 ಯೂನಿಟ್ ಹತ್ತಿರ. ಗೋಡೆಯದರ ಮೂರು ಪಟ್ಟು! ಟೇಪ್ ಹಿಡಿದು ಅಳೆದವನಿಗೆ ಇದು ಕಾಣಿಸಲೇ ಇಲ್ಲ.

ಇಷ್ಟೇ ಅಲ್ಲ. ಕಿತ್ತ ಮೇಲೂ ಬಾಳೆ ಉಸಿರಾಡುತ್ತಲೇ ಇರುತ್ತದೆ, ಉಸಿರಾಡಿದಷ್ಟೂ ಬಿಸಿ. ಟನ್ನಿಗೆ 100 ವ್ಯಾಟ್ ಹಿಡಿದೆ, ಒಳಗೆ ಐದು ಟನ್ ಇದ್ದರೆ ದಿನಕ್ಕೆ 12 ಯೂನಿಟ್. ಬಾಗಿಲು, ಫ್ಯಾನ್, ಬಲ್ಬು, ಒಳಗೆ ಹೋಗಿ ಬರುವ ಆಳುಗಳಿಗೆ ಇನ್ನೊಂದು 12. ಒಟ್ಟು 86. ಮೇಲೆ ಹತ್ತು ಪರ್ಸೆಂಟ್ ಸೇರಿಸಿ 95 ಅನ್ನೋಣ. ಮಷೀನ್ ದಿನಕ್ಕೆ 16 ಗಂಟೆ ಓಡಿದರೆ ಸಾಕು ಅನ್ನುವ ಹಾಗೆ ನೋಡಬೇಕು. 95 ಭಾಗಿಸು 16, ಸುಮಾರು 6 ಕಿಲೊವ್ಯಾಟ್.

"ಟನ್ ಹೇಳಪಾ, ಟನ್" ಅಂದರು ಮಾಮಾ. ಒಂದು ಟನ್ ಅಂದರೆ ಸುಮಾರು 3.5 ಕಿಲೊವ್ಯಾಟ್, ಹಾಗಾಗಿ 1.7 ಟನ್. ಆದರೆ ಮಷೀನಿನ ಕಾಗದದಲ್ಲಿ ಬರೆದಿರೋ ತಾಕತ್ತು ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇರುವಾಗಿನದು. ನಮ್ಮ ಮೇ ತಿಂಗಳಿನ 43ರಲ್ಲಿ ಅದು ಕುಗ್ಗುತ್ತದೆ, ಮೇಲಾಗಿ ಶಾಖವನ್ನು ಹೊರಗೆ ಊದುವ ಭಾಗವಾದ ಕಂಡೆನ್ಸರನ್ನು ಪತ್ರಾಸ್ ಕೆಳಗೆ ಕೂರಿಸಿದ್ದರು, ತಾನು ಊದಿದ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ಅದನ್ನು ಹೊರಗಿನ ನೆರಳಿಗೆ ತೆಗೆಸಿದೆ. ಎರಡು ಟನ್ ಹಾಕಿ ಅಂದೆ.

"ಅಯ್ಯ, ಎರಡು ಟನ್ ಮಾಲಿಗೆ ಎರಡು ಟನ್ ಮಷೀನ್! ಇದಕ್ಕ ಇಷ್ಟು ಲೆಕ್ಕ ಬೇಕೇನೋ?"

ಆ ಟನ್ ಬೇರೆ, ಈ ಟನ್ ಬೇರೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮಷೀನಿನ ಟನ್ ಹುಟ್ಟಿದ್ದು ಅಮೆರಿಕದ ಐಸ್ ವ್ಯಾಪಾರದ ಕಾಲದಲ್ಲಿ. 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು. ಬಾಳೆಯ ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದೇ ಬಾಳೆಯನ್ನು ರಾತ್ರಿ ತರಿಸಿ, 38ರ ಬದಲು 30ಕ್ಕೆ ಒಳಗೆ ಇಟ್ಟರೆ 15 ಯೂನಿಟ್‌ಗೂ ಜಾಸ್ತಿ ಉಳಿಯುತ್ತದೆ, ಅಂದರೆ ಗೋಡೆಯ ಇಡೀ ದಿನದ ಲೆಕ್ಕವೇ ಹೋದಂತೆ. ಇದನ್ನು ಮಾತ್ರ ಮಾಮಾ ಒಪ್ಪಿದರು, ಈಗ ಟಂಟಂ ಬರೋದು ರಾತ್ರಿ ಹತ್ತರ ಮೇಲೆ.

ಇನ್ನೊಂದು ಮಾತು, ಬಾಗಿಲಿನದು. ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟರೆ ಎಲ್ಲರೂ ಬೈತಾರೆ, ಮಳೆಗಾಲದಲ್ಲಿ ಯಾರೂ ಕೇಳಲ್ಲ. ಮೇ ತಿಂಗಳ 43 ಡಿಗ್ರಿಯ ಒಣಗಾಳಿ, ತೇವ 20 ಪರ್ಸೆಂಟ್ ಹಿಡಿದರೆ, ಒಂದು ಕಿಲೋ ಒಳಗೆ ನುಗ್ಗಿದಾಗ 35 ಕಿಲೊಜೂಲ್ ತರುತ್ತದೆ. ಜುಲೈನ 30 ಡಿಗ್ರಿ, 75 ಪರ್ಸೆಂಟ್ ತೇವದ ಗಾಳಿ 47 ತರುತ್ತದೆ, ಯಾಕಂದ್ರೆ ಅದರೊಳಗಿನ ನೀರಾವಿಯನ್ನೂ ಮಷೀನೇ ನೀರಾಗಿಸಬೇಕು. ತಂಪು ಗಾಳಿಯೇ ಮಷೀನಿಗೆ ಜಾಸ್ತಿ ಭಾರ! ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಎರಡೂ ಕಾಲಕ್ಕೆ ಇರಲಿ.

ಈ ಮೇನಲ್ಲಿ ರೂಮ್ 14ಕ್ಕೆ ನಿಂತಿತ್ತು. ಮಾಮಾ ಬಂದವರಿಗೆಲ್ಲ ಥರ್ಮಾಮೀಟರ್ ತೋರಿಸಿ ಹೇಳುತ್ತಾರೆ: "ಎರಡು ಟನ್ ಮಾಲಿಗೆ ಎರಡು ಟನ್ ಮಷೀನ್. ನಾ ಮೊದಲೇ ಹೇಳಿದ್ದೆ, ಈ ಹುಡುಗ ಸುಮ್ನೆ ನೋಟ್‌ಬುಕ್ ತುಂಬಿಸಿದ."