ಮೂವತ್ತಾರಕ್ಕೆ ಬಂದ ಮೊಡವೆ

ಕಾಲೇಜಿನಲ್ಲಿದ್ದಾಗ ನನಗೆ ಹೇಳಿಕೊಳ್ಳುವಂಥ ಮೊಡವೆ ಬರಲೇ ಇಲ್ಲ. ಹಾಸ್ಟೆಲಿನಲ್ಲಿ ಗೆಳತಿಯರು ಜಾಯಿಕಾಯಿ ತೇಯ್ದು ಹಚ್ಚಿಕೊಂಡು ಕೂತರೆ ನಾನು ಪಕ್ಕದಲ್ಲಿ ಕೂತು ತಮಾಷೆ ಮಾಡುತ್ತಿದ್ದೆ. ಮೂವತ್ತಾರಕ್ಕೆ ಎಲ್ಲ ಬಡ್ಡಿ ಸಮೇತ ವಸೂಲಾಯಿತು.

ಇವು ಪ್ರಾಯದ ಗುಳ್ಳೆಗಳಲ್ಲ. ಹಣೆ, ಮೂಗಿನ ತಂಟೆಗೇ ಬರಲಿಲ್ಲ. ಗದ್ದ, ದವಡೆಯ ಅಂಚು, ಕತ್ತಿನ ಮೇಲ್ಭಾಗ, ಅಷ್ಟೇ. ಬಾಯಿ ಇಲ್ಲ, ಕೀವಿಲ್ಲ. ಹುಣಸೆ ಬೀಜ ಚರ್ಮದೊಳಗೆ ಸಿಕ್ಕಿಕೊಂಡ ಹಾಗೆ ಒಳಗೇ ಗಟ್ಟಿಯಾಗಿ ಕೂತು ನೋಯುತ್ತಿದ್ದವು. ರಾತ್ರಿ ಮಗ್ಗಲು ಬದಲಿಸಿದಾಗ ದಿಂಬು ತಾಗಿದರೆ ಎಚ್ಚರವಾಗುತ್ತಿತ್ತು. ಮುಟ್ಟಿಗೆ ಒಂದು ವಾರ ಇದೆ ಅನ್ನುವಾಗ ಹೊಸದೊಂದು ತಪ್ಪದೆ ಹಾಜರು.

ನನ್ನ ಕೆಲಸ ಮಂಡ್ಯದ ಒಂದು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ. ಗಾಜಿನ ಆ ಕಡೆ ನಿಂತವರಿಗೆ ದುಡ್ಡು ಎಣಿಸಿ ಮುಗಿಯುವವರೆಗೆ ನೋಡಲು ನನ್ನ ಮುಖ ಬಿಟ್ಟರೆ ಬೇರೇನಿಲ್ಲ. ಪಿಂಚಣಿಗೆ ಬರುವ ಅಜ್ಜಿಯೊಬ್ಬರು, "ಏನವ್ವ, ಮೊಕ ಹಿಂಗಾಗದೆ? ಉಷ್ಣ ಕಣವ್ವ ಅದು, ತಲೆಗೆ ಎಣ್ಣೆ ಹಾಕ್ಕೋ" ಅಂದರು. ಮ್ಯಾನೇಜರು ನೀರು ಜಾಸ್ತಿ ಕುಡಿಯಿರಿ ಅಂದರು. ಅತ್ತೆ ಕಡ್ಲೆಹಿಟ್ಟು ಕಲಸಿ ಕೊಟ್ಟರು. ನಾದಿನಿ ಮಾತ್ರ ಊರಿಂದ ಬರುವಾಗ ಒಂದು ಟ್ಯೂಬನ್ನೇ ತಂದಳು. "ಅತ್ತಿಗೆ, ರಾತ್ರಿ ಹಚ್ಕೊಂಡು ಮಲ್ಕೊಳಿ ಸಾಕು. ನನ್ ಮುಖ ನೋಡಿ, ಒಂದು ಗುಳ್ಳೆ ಇದೆಯಾ?" ನಿಜಕ್ಕೂ ಇರಲಿಲ್ಲ. ಕೆನ್ನೆ ಮಾತ್ರ ಬಿಸಿಲಿಗೆ ನಿಂತು ಬಂದವಳಂತೆ ಕೆಂಪಗಿತ್ತು.

ಎರಡನೇ ಶನಿವಾರ ಬ್ಯಾಂಕಿಗೆ ರಜೆ. ಮೈಸೂರಿನ ಒಬ್ಬ ಚರ್ಮದ ಡಾಕ್ಟರ ಬಳಿ ಹೋದೆ. ಹಚ್ಚುವುದನ್ನೆಲ್ಲ ಜೊತೆಗೇ ತನ್ನಿ ಎಂದು ಫೋನಿನಲ್ಲೇ ಹೇಳಿದ್ದರಿಂದ, ಮನೆಯ ಕನ್ನಡಿ ಕಪಾಟು ಖಾಲಿ ಮಾಡಿ ಒಂದು ಕವರಿಗೆ ತುಂಬಿಕೊಂಡಿದ್ದೆ. ಡಾಕ್ಟರು ಐವತ್ತು ದಾಟಿದ ಹೆಂಗಸು. ಮೇಜಿನ ಮೇಲೆ ಎಲ್ಲ ಸುರಿಸಿ, ಒಂದೊಂದನ್ನೇ ಕನ್ನಡಕ ಮೇಲೆತ್ತಿ ಓದಿದರು. ವಾಲ್‌ನಟ್ ಸ್ಕ್ರಬ್ಬು ಆ ಕಡೆಗೆ ಹೋಯಿತು. ನಿಂಬೆ ರಸದ ಫೇಸ್‌ಪ್ಯಾಕೂ ಆ ಕಡೆಗೆ. ನಾದಿನಿಯ ಟ್ಯೂಬು ಕೈಗೆ ಬಂದಾಗ ನಿಂತರು.

"ಇದನ್ನ ಹಚ್ಚಿದೀಯೇನಮ್ಮ?"

"ಇಲ್ಲ ಡಾಕ್ಟ್ರೇ, ಇನ್ನೂ ಓಪನ್ ಮಾಡಿಲ್ಲ."

"ಪುಣ್ಯ." ಹಿಂಬದಿಯ ಸಣ್ಣ ಅಕ್ಷರಗಳನ್ನು ನನಗೆ ತೋರಿಸಿದರು. ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್. ಮೊದಲನೆಯದು ಸ್ಟೀರಾಯ್ಡ್. ಹಚ್ಚಿದ ಹೊಸದರಲ್ಲಿ ಊತ ಇಳಿಯುತ್ತದೆ, ಬಣ್ಣ ತಿಳಿಯಾಗುತ್ತದೆ, ಎಲ್ಲರೂ ಏನು ಹಚ್ಚುತ್ತೀಯ ಅಂತ ಕೇಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಮೊಡವೆ ಹಿಂದಿಗಿಂತ ಜೋರಾಗಿ ಏಳುತ್ತದೆ. ನಿಲ್ಲಿಸಿದರೆ ಉರಿ. ಆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಹಾಕಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ನಾದಿನಿಗೆ ಯಾವ ಚೀಟಿಯೂ ಬೇಕಾಗಿರಲಿಲ್ಲ.

ಆಮೇಲೆ ಪ್ರಶ್ನೆಗಳು. ಮುಟ್ಟು ಸರಿಯಾಗಿ ಆಗುತ್ತಾ? ಗದ್ದದ ಮೇಲೆ ಗಟ್ಟಿ ಕೂದಲು ಬರುತ್ತಾ? ತೂಕ ಏರಿದೆಯಾ? ಜಿಮ್ಮಿಗೆ ಹೋಗಿ ಪ್ರೋಟೀನ್ ಪುಡಿ ಕುಡಿಯುತ್ತೀಯಾ? ಇನ್ನೊಂದು ಮಗುವಿನ ಯೋಚನೆ ಇದೆಯಾ? ಅಷ್ಟು ದಿನ ಎಲ್ಲರೂ ಔಷಧಿ ಹೇಳಿದ್ದರು, ಯಾರೂ ಇಷ್ಟು ಕೇಳಿರಲಿಲ್ಲ. ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರಿಂದ ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ, ಇದೆಯೋ ನೋಡೋಣ ಎಂದು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಬರೆದರು. ನನಗೆ ಎರಡೂ ಸರಿಯಾಗಿಯೇ ಬಂದವು. ಹಾಗಾದರೆ ಹಾರ್ಮೋನಿನದಲ್ಲವಲ್ಲ ಅಂದೆ. ಹಾಗೇನಿಲ್ಲವಂತೆ. ಗಂಡಸರ ಹಾರ್ಮೋನು ಅನ್ನುವ ಆಂಡ್ರೊಜನ್ ಹೆಂಗಸರ ಮೈಯಲ್ಲೂ ಇರುತ್ತದೆ. ರಕ್ತದಲ್ಲಿ ಅಳತೆ ಸರಿಯಾಗಿದ್ದರೂ ಕೆಲವರ ಎಣ್ಣೆ ಗ್ರಂಥಿಗಳು ಅಷ್ಟಕ್ಕೇ ಕೆರಳಿ ಜಿಡ್ಡು ಸುರಿಸುತ್ತವೆ. ಸತ್ತ ಚರ್ಮ ಆ ಜಿಡ್ಡಿಗೆ ಅಂಟಿ ರಂಧ್ರದ ಬಾಯಿ ಕಟ್ಟುತ್ತದೆ, ಒಳಗೆ ಮೊದಲಿಂದಲೂ ಇರುವ ಬ್ಯಾಕ್ಟೀರಿಯಾ ಹೆಚ್ಚಿ ಆ ಜಾಗ ಊದಿಕೊಳ್ಳುತ್ತದೆ. ಕೊಳೆಗೂ ಇದಕ್ಕೂ ಸಂಬಂಧವಿಲ್ಲ. ಉಜ್ಜಿದಷ್ಟೂ ಕೆಡುತ್ತದೆ.

ಬೋಂಡ ಬಜ್ಜಿ ಬಿಡಿ ಅನ್ನುತ್ತಾರೆ ಎಂದು ಕಾದೆ, ಅನ್ನಲಿಲ್ಲ. ಸಕ್ಕರೆ, ಸಿಹಿ ಕಡಿಮೆ ಮಾಡಿದರೆ ಕೆಲವರಿಗೆ ಉಪಯೋಗ, ಹಾಲು ಕೂಡ ಕೆಲವರಿಗೆ ಆಗಲ್ಲ ಅಂದರು. ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ರಾತ್ರಿಯಿಡೀ ಮಲಗಬೇಡ, ಅದು ಹಣೆಗೆ ಇಳಿದು ರಂಧ್ರ ಮುಚ್ಚುತ್ತದೆ ಅಂದಾಗ ಪಿಂಚಣಿ ಅಜ್ಜಿ ನೆನಪಾದರು.

ಬರೆದುಕೊಟ್ಟಿದ್ದು ಇಷ್ಟೇ. ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ 2.5%, ಮೇಲೆ ಸನ್‌ಸ್ಕ್ರೀನ್. ರಾತ್ರಿ ಮುಖ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಅಡಾಪಲೀನ್ 0.1% ಜೆಲ್, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಗುಳ್ಳೆ ಇದ್ದ ಕಡೆ ಮಾತ್ರ ಚುಕ್ಕಿ ಇಡುವುದಲ್ಲ, ಏಳಬೇಕೆಂದಿರುವವನ್ನು ತಡೆಯುವುದೇ ಅದರ ಕೆಲಸ. ಜೊತೆಗೆ ಕೆಲವು ವಾರ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ. ಊಟವಾದ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಗಂಟಲ ಕೆಳಗೆ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಇದ್ಯಾವುದಕ್ಕೂ ಬಗ್ಗದಿದ್ದರೆ ಐಸೊಟ್ರೆಟಿನಾಯಿನ್ ಅನ್ನುವ ನುಂಗುವ ಔಷಧಿ ಇದೆ, ಆದರೆ ಅದು ಹೊಟ್ಟೆಯಲ್ಲಿರುವ ಮಗುವಿನ ಅಂಗಾಂಗಗಳನ್ನೇ ಕೆಡಿಸಬಲ್ಲದು. ಮಗುವಿನ ಪ್ರಶ್ನೆ ಕೇಳಿದ್ದು ಯಾಕೆಂದು ಆಗ ಅರ್ಥವಾಯಿತು.

"8ರಿಂದ 12 ವಾರ ಏನೂ ಕೇಳಬೇಡ," ಅಂದರು.

ಮೊದಲ ತಿಂಗಳು ಮುಖ ಇನ್ನೂ ಕೆಟ್ಟಿತು. ಬಾಯಿಯ ಅಂಚು ಸುಲಿದು, ಹುಳಿ ಸಾರು ತಾಗಿದರೆ ಚುರ್ ಅನ್ನುತ್ತಿತ್ತು. ಜೆಲ್ಲನ್ನು ರಾತ್ರಿ ಬಿಟ್ಟು ರಾತ್ರಿ ಮಾಡಿ, ಕೆಳಗೆ ಮಾಯಿಶ್ಚರೈಸರ್ ಹಚ್ಚಿದ ಮೇಲೆ ಸುಧಾರಿಸಿತು. ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ಹೊಡೆಯುತ್ತದೆ ಅನ್ನುವುದನ್ನು ನಮ್ಮ ಮನೆಯ ನೀಲಿ ಟವೆಲ್ ಸಾಬೀತು ಮಾಡಿತು. ಅದರ ಮೇಲೆ ನನ್ನ ಗದ್ದದ ಅಚ್ಚು ಕಿತ್ತಳೆ ಬಣ್ಣದಲ್ಲಿ ಮೂಡಿದೆ. ಯಜಮಾನರು ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಎರಡೂವರೆ ತಿಂಗಳ ಹೊತ್ತಿಗೆ ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಕೈಗೆ ಗಂಟು ಸಿಗಲಿಲ್ಲ. ಕಪ್ಪು ಕಲೆಗಳು ಉಳಿದವು. ನಮ್ಮಂಥ ಕಂದು ಚರ್ಮದಲ್ಲಿ ಅವು ಹೋಗಲು ತಿಂಗಳುಗಟ್ಟಲೆ ಬೇಕು, ಬಿಸಿಲು ಬಿದ್ದರೆ ಇನ್ನೂ ಜಾಸ್ತಿ. ಮುಟ್ಟಿನ ವಾರದಲ್ಲಿ ಈಗಲೂ ಒಂದೊಂದು ಏಳುತ್ತದೆ, ಬೇಗ ಇಳಿಯುತ್ತದೆ. ಮಾತ್ರೆ ನಿಂತಿದೆ. ಜೆಲ್ ನಡೆದಿದೆ.

ಮತ್ತೆ ತೋರಿಸಲು ಹೋದಾಗ ನಾದಿನಿಯನ್ನೂ ಎಳೆದುಕೊಂಡು ಹೋದೆ. ಡಾಕ್ಟರು ಮಸೂರದಲ್ಲಿ ಅವಳ ಕೆನ್ನೆ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಅವಳಿಗೇ ತೋರಿಸಿದರು. ದಾರದಂಥ ಕೆಂಪು ಗೆರೆಗಳು. "ದೊಡ್ಡಣ್ಣನ ಮಗಳ ಮದುವೆ ಇದೆ ಡಾಕ್ಟ್ರೇ, ಅದು ಮುಗಿದ ಮೇಲೆ ನಿಲ್ಲಿಸ್ಲಾ?" ಅಂದಳು. "ಇವತ್ತಿಂದಾನೇ ಶುರು ಮಾಡೋಣ. ಕೆಲವು ವಾರ ಉರಿಯುತ್ತೆ, ಕೆಂಪಾಗುತ್ತೆ. ನೀನಾಗಿ ಏನೂ ಹಚ್ಕೋಬೇಡ, ನನಗೆ ಫೋನ್ ಮಾಡು," ಅಂದರು.

ಕೆಳಗೆ ಮೆಡಿಕಲ್ ಶಾಪಿನಲ್ಲಿ ಔಷಧಿಗೆ ನಿಂತಿದ್ದೆವು. ಒಬ್ಬ ಹುಡುಗ ಬಂದು ಅದೇ ಟ್ಯೂಬಿನ ಹೆಸರು ಹೇಳಿದ. ಅಂಗಡಿಯವರು ತೆಗೆದುಕೊಟ್ಟರು.

"ಚೀಟಿ ಕೇಳಲ್ವಾ ಅಣ್ಣ?" ಅಂದಳು ನಾದಿನಿ.

"ಎಲ್ಲರೂ ಇದನ್ನೇ ತಗೊಂಡೋಗೋದು ಮೇಡಂ. ನಿಮಗೂ ಒಂದು ಕೊಡ್ಲಾ?"