14ನೇ ವಾರ: ಆ 18 ಡಿಗ್ರಿ ಎಲ್ಲಿಂದ ಬಂತು?

ಸ್ಲಿಂಗ್ ಕಳಚಿದ್ದು, ಬಾಗಿ ನಿಂತು ಲೋಲಕದಂತೆ ಕೈ ತೂಗಿದ್ದು, ಗೋಡೆಯ ಮೇಲೆ ಬೆರಳು ಹತ್ತಿಸಿದ್ದು, ಇವನ್ನೆಲ್ಲ ದಾಟಿ ಬಂದವರಿಗೆ ನಾನು ಮತ್ತೆ ವಿವರಿಸಬೇಕಿಲ್ಲ. ಹೊಸಬರಿಗೆ ಇಷ್ಟು ಸಾಕು: ಪದೇ ಪದೇ ಕೀಲು ತಪ್ಪುತ್ತಿದ್ದ ಬಲ ಭುಜ, ಕೀಹೋಲ್ ಬ್ಯಾಂಕಾರ್ಟ್ ಶಸ್ತ್ರಚಿಕಿತ್ಸೆ (ಕೀಲಿನ ಗುಣಿಯ ಅಂಚಿನಿಂದ ಕಿತ್ತುಬಂದ ಪಟ್ಟಿಯನ್ನು ಮತ್ತೆ ಹೊಲಿದು ಕೂರಿಸುವುದು) ಆಗಿ ಇದು 14ನೇ ವಾರ, ಹೊಲಿಗೆಯನ್ನು ಮೂಳೆಗೆ ಹಿಡಿದಿಡುವ ಮೂರು ಆಂಕರ್, ಗುಣಿಯ ಮೂಳೆ ಸವೆದಿಲ್ಲ. ಕೈ ಮುಂದಕ್ಕೆ ಎತ್ತುವುದು 150 ಡಿಗ್ರಿ ದಾಟಿದೆ. ಈ ಕಂತು ಒಂದೇ ಚಲನೆಗೆ ಮೀಸಲು: ಮೊಣಕೈ ಪಕ್ಕೆಗೆ ಅಂಟಿರಬೇಕು, ಮುಂಗೈ ಹೊರಕ್ಕೆ ತಿರುಗಬೇಕು.

ಪ್ಲೈವುಡ್ ಮೇಲೆ ಐದೈದು ಡಿಗ್ರಿಗೆ ಗೆರೆ ಎಳೆದು, ಎಡಗೈಯಲ್ಲೇ ಮರಳು ಕಾಗದ ಉಜ್ಜಿ ಮಾಡಿದ ಅಳತೆಯ ಹಲಗೆಯ ಬಗ್ಗೆ ಹಿಂದೆ ಬರೆದಿದ್ದೆ. ಅದನ್ನು ಮೇಜಿಗೆ ಕ್ಲಾಂಪ್ ಹಾಕಿ, ಎದುರು ನಿಂತು, ದಿನವೂ ಬೆಳಿಗ್ಗೆ ಅಳೆಯುತ್ತಿದ್ದೆ. 9ನೇ ವಾರದಲ್ಲಿ 18 ಡಿಗ್ರಿ, 11ನೇ ವಾರದಲ್ಲಿ 29, 13ನೇ ವಾರದಲ್ಲಿ 41. ಎಡ ಭುಜ 65ರವರೆಗೆ ತಿರುಗುತ್ತದೆ. ಇದೇ ವೇಗದಲ್ಲಿ ಹೋದರೆ ಇನ್ನೊಂದು ತಿಂಗಳಲ್ಲಿ ಎರಡೂ ಸಮವಾಗುತ್ತವೆ ಎಂದು ಲೆಕ್ಕ ಹಾಕಿ ಖುಷಿಯಲ್ಲಿದ್ದೆ.

ಕಳೆದ ವಾರ ಫಿಸಿಯೋಥೆರಪಿಸ್ಟ್ ನನ್ನನ್ನು ಬೆನ್ನ ಮೇಲೆ ಮಲಗಿಸಿದರು. ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಟ್ಟರು. ಒಂದು ಅಂಗೈಯನ್ನು ಹೆಗಲ ಹಲಗೆ ಮೂಳೆಯ ಕೆಳಗೆ ತೂರಿಸಿ, ಇನ್ನೊಂದು ಕೈಯ ಹೆಬ್ಬೆರಳನ್ನು ಭುಜದ ಮುಂದಿನ ತಗ್ಗಿನಲ್ಲಿಟ್ಟು, "ಈಗ ನಿಧಾನವಾಗಿ ತಿರುಗಿಸಿ" ಎಂದರು. ಮುಂಗೈ ಸ್ವಲ್ಪ ವಾಲಿ ನಿಂತುಬಿಟ್ಟಿತು. 23 ಡಿಗ್ರಿ. ಹಲಗೆ ತೋರಿಸಿದ್ದಕ್ಕಿಂತ 18 ಕಡಿಮೆ.

ಮನೆಗೆ ಬಂದು ಹಲಗೆಯ ಮುಂದೆ ನಿಂತೆ. ಅದೇ 41! ಈ ಬಾರಿ ಪಕ್ಕದಲ್ಲಿ ಮೊಬೈಲ್ ನಿಲ್ಲಿಸಿ ವಿಡಿಯೋ ಮಾಡಿಕೊಂಡೆ. ಗುಟ್ಟು ಅದರಲ್ಲಿತ್ತು. ಮುಂಗೈ ಇಪ್ಪತ್ತರ ಗೆರೆ ದಾಟುತ್ತಿದ್ದಂತೆ ಹೆಗಲ ಹಲಗೆ ಬೆನ್ನಿನ ಕಡೆಗೆ ಸರಿಯುತ್ತದೆ, ಎದೆ ಬಲಕ್ಕೆ ತಿರುಗುತ್ತದೆ, ಮೊಣಕೈ ಪಕ್ಕೆ ಬಿಟ್ಟು ಎರಡು ಬೆರಳಿನಷ್ಟು ಆಚೆ ಹೋಗುತ್ತದೆ. ಗೆರೆಗಳು ಸರಿಯಾಗಿವೆ, ಆದರೆ ಹಲಗೆ ಅಳೆಯುತ್ತಿದ್ದುದು ಇಡೀ ಮೈಯ ತಿರುವನ್ನು. ನಾಲ್ಕು ವಾರ ಬರೆದಿಟ್ಟ ಅಂಕಿಗಳನ್ನು ಹೊಡೆದುಹಾಕುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಆ ರಾತ್ರಿ ಇನ್ನೊಂದು ಭಯ ಹತ್ತಿತು: ಹೊಲಿಗೆಯೇ ಬಿಗಿಯಾಗಿಬಿಟ್ಟಿದೆಯೇ? ಹಿಂದೆ ಪುಟ್ಟಿ-ಪ್ಲ್ಯಾಟ್ ಎಂಬ ಶಸ್ತ್ರಚಿಕಿತ್ಸೆ ಚಾಲ್ತಿಯಲ್ಲಿತ್ತು. ಭುಜದ ಮುಂಭಾಗದ ಸ್ನಾಯುವನ್ನೇ ಗಿಡ್ಡ ಮಾಡಿ ಹೊಲಿಯುತ್ತಿದ್ದರು. ಕೀಲು ತಪ್ಪುವುದು ನಿಲ್ಲುತ್ತಿತ್ತು, ಆದರೆ ಹೊರ ತಿರುವು ಕುಗ್ಗಿ, ವರ್ಷಗಳ ನಂತರ ಹಲವರ ಕೀಲು ಸವೆದು ಸಂಧಿವಾತಕ್ಕೆ ತಿರುಗುತ್ತಿತ್ತು. ನನಗೆ ಆಗಿರುವುದು ಅದಲ್ಲ. ಗುಣಿಯ ಅಂಚಿನಿಂದ ಕಿತ್ತುಬಂದ ಲೇಬ್ರಮ್ ಎಂಬ ಪಟ್ಟಿಯೇ ಮೂಲ ದೋಷ ಎಂದು ಶಸ್ತ್ರವೈದ್ಯ ಬ್ಯಾಂಕಾರ್ಟ್ 1923ರಲ್ಲೇ ಬರೆದಿದ್ದರು. ಅದನ್ನು ಸ್ವಸ್ಥಾನದಲ್ಲಿ ಕೂರಿಸುವುದೇ ಈ ದುರಸ್ತಿ. ಇದು ಗೊತ್ತಿದ್ದರೂ ನಿದ್ದೆ ಬರಲಿಲ್ಲ.

ಮರುದಿನ ಫಿಸಿಯೋಥೆರಪಿಸ್ಟ್ ಒಂದು ಪರೀಕ್ಷೆ ಮಾಡಿಸಿದರು. ಬಾಗಿಲು ತೆರೆಯದಿದ್ದರೆ ಹಿಂದೆ ಗೋಡೆ ಇರಬಹುದು, ಅಥವಾ ಒಳಗಿನಿಂದ ಯಾರೋ ಒತ್ತಿ ಹಿಡಿದಿರಬಹುದು. ಯಾವುದು ಎಂದು ತಿಳಿಯಬೇಕು, ಅಷ್ಟೇ. ಅದೇ ಭಂಗಿಯಲ್ಲಿ ಮಲಗಿ, ಮುಂಗೈ ನಿಂತ ಜಾಗದಲ್ಲೇ ಅವರ ಅಂಗೈಯನ್ನು ಒಳಮುಖವಾಗಿ ಮೆಲ್ಲಗೆ ಒತ್ತಿದೆ. ಐದು ಎಣಿಸುವಷ್ಟು ಹೊತ್ತು, ಶಕ್ತಿಯ ಐದನೇ ಒಂದು ಭಾಗ ಮಾತ್ರ. ಉಸಿರು ಬಿಡುತ್ತಾ ಸಡಿಲಿಸಿದೆ. ಮುಂಗೈ ತಾನಾಗಿ ಕೆಳಗಿಳಿಯಿತು. ನಾಲ್ಕು ಸುತ್ತು ಮುಗಿದಾಗ 31 ಡಿಗ್ರಿ. ಬಿಗಿದ ಹೊಲಿಗೆಯೇ ಆ ಗೋಡೆಯಾಗಿದ್ದರೆ ಹತ್ತು ನಿಮಿಷದಲ್ಲಿ ಎಂಟು ಡಿಗ್ರಿ ಹಿಂದೆ ಸರಿಯುತ್ತಿರಲಿಲ್ಲ. ಒತ್ತಿ ಹಿಡಿದಿದ್ದುದು ಸಬ್‌ಸ್ಕ್ಯಾಪುಲಾರಿಸ್, ಹೆಗಲ ಹಲಗೆಯ ಒಳಮೈಗೆ ಅಂಟಿದ ಸ್ನಾಯು. ಅದರ ಮೇಲೆ ನನಗೆ ಕೋಪವಿಲ್ಲ. ತೋಳಿನ ಗುಂಡಿನ ಮೂರನೇ ಒಂದು ಭಾಗವೂ ಗುಣಿಗೆ ಸರಿಯಾಗಿ ತಾಗಿರದ ಕೀಲು ಇದು; ಐದು ಬಾರಿ ತಪ್ಪಿದೆ, ಐದು ಬಾರಿಯೂ ಕೈ ಹೊರಕ್ಕೆ ತಿರುಗಿದ್ದಾಗಲೇ. ಸ್ನಾಯು ಕಾವಲು ಕಾಯದೆ ಇನ್ನೇನು ಮಾಡೀತು!

ಈಗ ಮಲಗಿಯೇ ಅಳೆಯುತ್ತೇನೆ. ಮೊಬೈಲನ್ನು ಮುಂಗೈಗೆ ಪಟ್ಟಿಯಿಂದ ಕಟ್ಟಿ, ಮಟ್ಟ ನೋಡುವ ಆ್ಯಪ್ ತೆರೆದರೆ ವಾಲಿದ ಕೋನ ನೇರವಾಗಿ ಸಿಗುತ್ತದೆ. ಎಡಗೈಯಲ್ಲಿ ಹಿಡಿದ ಕೋಲು ಬಲ ಮುಂಗೈಗೆ ದಾರಿ ತೋರಿಸಬೇಕೇ ಹೊರತು ಅದನ್ನು ತಳ್ಳಬಾರದು. ಟವೆಲ್ ಮರೆಯಬೇಡಿ, ಅದಿಲ್ಲದಿದ್ದರೆ ಮೊಣಕೈ ಬೆನ್ನಿಗಿಂತ ಕೆಳಗೆ ಜಾರಿ, ಹೊಲಿಗೆ ಇರುವ ಮುಂಭಾಗದ ಮೇಲೆಯೇ ಎಳೆತ ಬೀಳುತ್ತದೆ. ಇನ್ನೂ 12 ವಾರ ತುಂಬದವರು ನಿಮ್ಮ ವೈದ್ಯರು ಹಾಕಿದ ಮಿತಿಯನ್ನು ಒಂದು ಡಿಗ್ರಿಯೂ ದಾಟಬೇಡಿ. ಎಂಟು ದಿನಗಳ ನಂತರ ನನ್ನದು, ಬೆಳಿಗ್ಗೆ ಮೈ ಬಿಸಿಯಾಗುವ ಮುಂಚೆ, 38. ಇದು ಅಪ್ಪಟ 38.

ಇನ್ನು ವ್ಯಾಯಾಮಕ್ಕೆ ಎಳೆಯುವ ರಬ್ಬರ್ ಪಟ್ಟಿ. ಹಳೆಯ ಕೆಂಪು ಪಟ್ಟಿ ಹರಿದಿತ್ತು. ಬೇರೆ ತಯಾರಕರ ಕೆಂಪು ಪಟ್ಟಿ ತರಿಸಿದೆ, ಎಳೆದರೆ ಜಗ್ಗಲೇ ಇಲ್ಲ. ಬಣ್ಣಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಕಾಮನಬಿಲ್ಲು. ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎರಡನ್ನೂ ದುಪ್ಪಟ್ಟು ಉದ್ದಕ್ಕೆ ಎಳೆದು ನೋಡಿದೆ: ಹಳೆಯ ಪಟ್ಟಿಯ ತುಂಡು 1.6 ಕಿಲೋ, ಹೊಸದು 2.7. ವಾಸಿಯಾಗುತ್ತಿರುವ ಭುಜಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಮಾರಾಟಗಾರರಿಗೆ ಬರೆದರೆ "ಕೆಂಪು ಎಂದರೆ ಮಧ್ಯಮ" ಎಂಬ ಒಂದೇ ಸಾಲಿನ ಉತ್ತರ. ಪೊಟ್ಟಣದ ಮೇಲೆ ಕಿಲೋ ಮುದ್ರಿಸಲು ಎಷ್ಟು ಶಾಯಿ ಬೇಕು?

ಬಾಗಿಲ ಹಿಡಿಗೆ ಪಟ್ಟಿ ಕಟ್ಟುವುದೂ ನನಗೆ ಸಾಕಾಗಿದೆ. ಹಿಡಿ ಮೊಣಕೈಗಿಂತ ತಗ್ಗಿನಲ್ಲಿದೆ, ಎಳೆದಾಗಲೆಲ್ಲ ಮುಂಗೈ ಕೆಳಗೆ ವಾಲುತ್ತದೆ. ಆದ್ದರಿಂದ ಮುಂದಿನ ಕೆಲಸ ಒಂದು ಕಂಬ: ಅಗಲವಾದ ಪಾದ, ಮೂರು ಸೆಂಟಿಮೀಟರ್‌ಗೊಂದು ತೂತು, ಬೇಕಾದ ಎತ್ತರಕ್ಕೆ ಸಿಕ್ಕಿಸಲು ಮರದ ಗೂಟ. ಅದೇ ಕಂಬದ ತಲೆಗೆ ಮುಂದೆ ರಾಟೆಯನ್ನೂ ಕೂರಿಸಬಹುದು. ಮರ ಕೀಸಲು ಬಲಗೈಗೆ ಇನ್ನೂ ಅನುಮತಿಯಿಲ್ಲ, ಹಾಗಾಗಿ ಕೀಸಿದ ಹಲಗೆಯನ್ನೇ ತರಿಸಿದ್ದೇನೆ. ತೂತುಗಳಿಗೆ ಗುರುತು ಹಾಕಿ ಆಗಿದೆ. ಮೊದಲನೆಯದು ನನ್ನ ಮೊಣಕೈ ಎತ್ತರಕ್ಕೆ, ನೆಲದಿಂದ 104 ಸೆಂಟಿಮೀಟರ್.