ಹೊಸಹೊಳಲಿನ ಗೋಡೆಯ ಸುತ್ತ ಒಂದು ಸುತ್ತು

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಚಿನಕುರಳಿ ದಾಟಿ ಕೆ.ಆರ್. ಪೇಟೆ ಸೇರುವವರೆಗೂ ಕಿಟಕಿಯಾಚೆ ಕಬ್ಬು, ಭತ್ತ, ನಾಲೆ. ಪೇಟೆಯಲ್ಲಿ ಬಸ್ ಇಳಿದು ಆಟೋ ಹಿಡಿದರೆ ಹೊಸಹೊಳಲು ಸ್ವಲ್ಪವೇ ದೂರ. ಜೊತೆಗೆ ಅಕ್ಕನ ಮಗಳಿದ್ದಳು. ಮೈಸೂರಿನ ದೃಶ್ಯಕಲೆಗಳ ಕಾಲೇಜು ಕಾವಾದಲ್ಲಿ ಶಿಲ್ಪಕಲೆ ಓದುತ್ತಿದ್ದಾಳೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ನೋಡಿಬಂದವಳು. ಆ ಮೂರು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅದೇ ಹೊಯ್ಸಳರ ಕಾಲದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ಆ ಪಟ್ಟಿಯಲ್ಲಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಷ್ಟೆ. ನೋಡಬೇಕಾದವರೆಲ್ಲ ಇನ್ನೂ ನೋಡಿಲ್ಲ ಎಂಬುದೇ ನನ್ನ ಸಂಕಟ.

ದೇವಾಲಯ ಸುಮಾರು 1250ರದ್ದು, ವೀರ ಸೋಮೇಶ್ವರನ ಕಾಲದ್ದು. ಗರ್ಭಗುಡಿ ಮೂರು, ಗೋಪುರ ಮಾತ್ರ ನಡುವಿನದಕ್ಕೆ. ಪಕ್ಕದ ಎರಡು ಗುಡಿಗಳು ಹೊರಗಿನಿಂದ ಗೋಡೆಯೊಳಗೆ ಸೇರಿಹೋದಂತೆ ಕಾಣುತ್ತವೆ. ಒಳಗೆ ನಾರಾಯಣ, ವೇಣುಗೋಪಾಲ, ಲಕ್ಷ್ಮೀನರಸಿಂಹ. ಕಡೆದು ನುಣುಪು ಮಾಡಿದ ಕಂಬಗಳೂ ಚೆನ್ನ. ಆದರೆ ನಾವು ಒಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಲ್ಲಿಯ ನಿಜವಾದ ಸಂಪತ್ತು ಇರುವುದು ಹೊರಗೋಡೆಯ ಮೇಲೆ. ಬಾಗಿಲು ತೆರೆದಿರಲಿ ಮುಚ್ಚಿರಲಿ, ಅಂಗಳಕ್ಕೆ ಬಂದವರೆಲ್ಲರಿಗೂ ಅದು ಕಾಣುತ್ತದೆ.

ಗೋಡೆಯ ಕೆಳಭಾಗದಲ್ಲಿ ಆರು ಪಟ್ಟಿಕೆಗಳು ಒಂದರ ಮೇಲೊಂದು ಓಡುತ್ತವೆ. ತಳದಲ್ಲಿ ಆನೆ, ಅದರ ಮೇಲೆ ಕುದುರೆ, ಆಮೇಲೆ ಬಳ್ಳಿ, ನಾಲ್ಕನೆಯದರಲ್ಲಿ ಕಥೆ, ಅದರ ಮೇಲೆ ಮಕರವೆಂಬ ಕಾಲ್ಪನಿಕ ಪ್ರಾಣಿ, ಎಲ್ಲಕ್ಕೂ ಮೇಲೆ ಹಂಸ. ಕಥೆಯ ಸಾಲು ಅಂಗೈ ಚಾಚಿದರೆ ತುಂಬುವಷ್ಟು ಅಗಲ. ಅಷ್ಟರಲ್ಲೇ ರಥ, ಬಿಲ್ಲು, ಯುದ್ಧ, ಎಲ್ಲ. ದೇವಾಲಯವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹೊರಟರೆ ಮೊದಲು ದಕ್ಷಿಣದ ಕಡೆ ರಾಮಾಯಣ, ತಿರುಗಿ ಉತ್ತರಕ್ಕೆ ಬಂದರೆ ಮಹಾಭಾರತ. ಭಾಗವತದ ಕಥೆಗಳೂ ಇವೆ. ನಿಂತಲ್ಲೇ ನಿಂತು ನೋಡಿದರೆ ಇದು ಬರೀ ಅಲಂಕಾರ, ನಡೆದರೆ ಮಾತ್ರ ಕಥೆ. ಅಕ್ಷರ ಬಾರದವರೂ ಓದಬಹುದಾದ ಕಥೆ.

ರಾಮಾಯಣದ ಹತ್ತಿರ ಒಬ್ಬರು ಅಜ್ಜಿ ಪ್ರದಕ್ಷಿಣೆ ಬರುತ್ತಿದ್ದವರು ನಿಂತರು. "ಕೋತಿಗೋಳು ಅವೆ ನೋಡವ್ವ ಅಲ್ಲಿ. ನನ್ ಮೊಮ್ಮಕ್ಳು ಬಂದ್ರೆ ಇಲ್ಲೇ ನಿಂತ್ಕೊಬುಡ್ತವೆ, ಕರುದ್ರೂ ಬರಾಕಿಲ್ಲ" ಎಂದು ಹೇಳಿ ಸುತ್ತು ಮುಂದುವರಿಸಿದರು.

ಅಕ್ಕನ ಮಗಳು ಆಗಲೇ ನೆಲಕ್ಕೆ ಕೂತು ಮಕರದ ಬಾಲ ಬರೆಯುತ್ತಿದ್ದಳು. ಆ ಬಾಲ ಬಾಲವಾಗಿ ಮುಗಿಯುವುದಿಲ್ಲ, ಸುರುಳಿ ಸುರುಳಿಯಾಗಿ ಎಲೆಬಳ್ಳಿಯಾಗಿ ಹರಡಿಕೊಳ್ಳುತ್ತದೆ. ಸುರುಳಿಯ ಒಳಗೆ ಉಳಿ ಎಷ್ಟು ಆಳಕ್ಕೆ ಹೋಗಿದೆಯೆಂದರೆ ಎಲೆಯ ಅಂಚು ಕಲ್ಲಿನಿಂದ ಬಿಟ್ಟುಕೊಂಡಂತಿದೆ. ಬಳಪದ ಕಲ್ಲಿನ ಗುಣ ಅದು ಎಂದು ಅವಳು ವಿವರಿಸಿದಳು. ಕ್ವಾರಿಯಿಂದ ಬಂದ ಹೊಸದರಲ್ಲಿ ಮೆದು, ಸಣ್ಣ ಉಳಿಗೂ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕರಿಕಲ್ಲಿನಲ್ಲಿ ಈ ಕೆಲಸ ಮಾಡಹೊರಟರೆ ಕೈ ಸೋಲುತ್ತದೆಯಂತೆ.

ಪಟ್ಟಿಕೆಗಳ ಮೇಲೆ ದೊಡ್ಡ ಮೂರ್ತಿಗಳ ಸಾಲು. ಅದರಲ್ಲಿ ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳಿವೆ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿದೆ ಎಂಬುದರ ಮೇಲೆ ಕೇಶವನೋ ಮಾಧವನೋ ಎಂದು ಗುರುತು ಹಿಡಿಯಬೇಕು. ಉತ್ತರದ ಬದಿ ಮುಗಿಸಿದ ಹುಡುಗಿ ಮತ್ತೆ ದಕ್ಷಿಣಕ್ಕೆ ಓಡಿದಳು.

"ಮಾವ, ಇಲ್ಲಿ ಬನ್ನಿ. ಇದು ಬೇರೆಯವರ ಕೈ. ಈ ಕಡೆಯ ಮೂರ್ತಿಗಳು ದಪ್ಪ, ಸೊಂಟ ನೋಡಿ, ಕಾಲು ನೋಡಿ."

ಹೌದು, ದಕ್ಷಿಣದವು ಸ್ವಲ್ಪ ಸ್ಥೂಲ. ಉತ್ತರದವುಗಳ ಮೈಯಲ್ಲಿ ಬಳುಕು ಹೆಚ್ಚು. ಎಂಟುನೂರು ವರ್ಷದ ಹತ್ತಿರವಾದರೂ ಕೆಲಸಗಾರರ ನಡುವಿನ ವ್ಯತ್ಯಾಸ ಗೋಡೆಯ ಮೇಲೆ ಹಾಗೇ ಉಳಿದಿದೆ. ನನಗೆ ಆ ದಪ್ಪ ಮೂರ್ತಿಗಳೇ ಹೆಚ್ಚು ಇಷ್ಟವಾದವು. ಅವುಗಳಲ್ಲಿ ನಮ್ಮೂರ ಕಡೆಯ ಗಟ್ಟಿ ಆಳುಗಳ ನಿಲುವಿದೆ.

ಹೋಗುವವರು ಬೆಳಿಗ್ಗೆಯೇ ಹೋಗಿ, ಓರೆ ಬಿಸಿಲಿನಲ್ಲಿ ಕೆತ್ತನೆಯ ಆಳ ಕಾಣುತ್ತದೆ. ಒಳಗಿನ ಛಾವಣಿಗೆ ಟಾರ್ಚ್ ಬೇಕು. ಕುಂಕುಮ, ಎಣ್ಣೆ ಹಚ್ಚಬೇಡಿ, ಮುರಿದ ಸೊಂಡಿಲು ಮುಟ್ಟಬೇಡಿ. ಹೊತ್ತು ಉಳಿದರೆ ಕೆ.ಆರ್. ಪೇಟೆಯಿಂದ ಹೆದ್ದಾರಿಯಲ್ಲಿ ಮುಂದೆ ಕಿಕ್ಕೇರಿ ಇದೆ. ಅಲ್ಲಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ. ಊಟ ಮುಗಿಸಿ ನಾವೂ ಕಿಕ್ಕೇರಿ ಬಸ್ಸೇ ಹತ್ತಿದೆವು.